ಕ್ಲಚ್ ಹಿಡಿಯುವ ಕೈ

ನಮ್ಮ ಊರಿನ ಇಳಿಜಾರು ಮಧ್ಯಾಹ್ನಕ್ಕೆ ಮಗ್ಗುಲು ಬದಲಿಸುತ್ತದೆ. ಬೆಳಿಗ್ಗೆ ಎದ್ದಾಗ ಊರು ಪಡುವಲಕ್ಕೆ ಇಳಿದಿರುತ್ತದೆ, ಸಂಜೆಗೆ ಮೂಡಲಕ್ಕೆ. ನಡುವೆ, ಊಟಕ್ಕೆ ಕೂತವರು ಎದ್ದು ಕೈ ತೊಳೆಯುವಷ್ಟು ಹೊತ್ತು ಬೀದಿ ಸಮವಾಗಿ ನಿಲ್ಲುತ್ತದೆ. ಇದಕ್ಕೆ ನಾವು ಹೊರಳು ಅನ್ನುತ್ತೇವೆ. ಪುರಸಭೆಯ ಸೈರನ್ ಕೂಗಿದ ಕೂಡಲೇ ಜನ ಗಾಡಿಗಳನ್ನು ಬದಿಗೆ ಹಚ್ಚಿ, ಗಾಲಿಯ ಮುಂದೊಂದು ಹಿಂದೊಂದು ಕಲ್ಲಿಟ್ಟು ಒಳಗೆ ಹೋಗುತ್ತಾರೆ. ಗಟಾರದ ನೀರು ಹರಿಯುವುದನ್ನು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಬಂದ ದಾರಿಗೇ ತಿರುಗುತ್ತದೆ. ನಮ್ಮೂರ ಹೆಂಗಸರು ಸಾರಿನ ಪಾತ್ರೆಯನ್ನು ಕಂಠದವರೆಗೆ ತುಂಬುವುದಿಲ್ಲ. ರಾತ್ರಿ ಎಲ್ಲರೂ ಮಲಗಿದಾಗ ಊರು ಮತ್ತೆ ಮೊದಲಿನ ಮಗ್ಗುಲಿಗೆ ಬಂದಿರುತ್ತದೆ. ಅದನ್ನು ಎದ್ದು ಕೂತು ನೋಡಿದವರು ಕಡಿಮೆ.

ನನ್ನ ಗ್ಯಾರೇಜು ಊರಿನ ನಟ್ಟನಡುವೆ ಇದೆ. ಅಬ್ಬಾ ಹಾಕಿದ್ದು. ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಕಚೇರಿ, ಆಸ್ಪತ್ರೆ, ಮಾರುಕಟ್ಟೆ ಎಲ್ಲವೂ ನಡುವೆಯೇ ಇರುವುದರಿಂದ ಮೂಡಲಕೇರಿಯವರು ಬೆಳಿಗ್ಗೆ ಕೆಲಸಕ್ಕೆ ಇಳಿದು ಬರುತ್ತಾರೆ, ಸಂಜೆ ಮನೆಗೂ ಇಳಿದೇ ಹೋಗುತ್ತಾರೆ. ಪಡುವಲಕೇರಿಯವರಿಗೆ ಎರಡು ಹೊತ್ತೂ ಏರು. ಹಾಗಾಗಿ ಮೂಡಲದ ಗಾಡಿಗಳು ನನ್ನ ಹತ್ತಿರ ಬರುವುದು ಬ್ರೇಕಿಗೆ, ಪಡುವಲದವು ಕ್ಲಚ್ಚಿಗೆ. ಹೆಣ್ಣು ಕೇಳಲು ಬಂದವರ ಬೈಕನ್ನು ಒಮ್ಮೆ ನೋಡಿ, ಬ್ರೇಕಿನವರೋ ಕ್ಲಚ್ಚಿನವರೋ ಎಂದು ಹೇಳುವ ಮುದುಕಿಯರು ನಮ್ಮಲ್ಲಿದ್ದಾರೆ.

ಇನ್ನೊಂದು ಪದ್ಧತಿ ಇದೆ. ಪಡುವಲಕೇರಿಯವರ ಕೈಯಲ್ಲಿ ಕ್ಲಚ್ ಹಿಡಿಯುವ ಶಕ್ತಿ ಹೋದರೆ ಅವರು ‘ಇಳಿಯುತ್ತಾರೆ’. ಅಂದರೆ ಮೂಡಲಕೇರಿಯ ಒಂದು ಎಳೆಯ ಸಂಸಾರಕ್ಕೆ ತಮ್ಮ ಮನೆ ಬಿಟ್ಟುಕೊಟ್ಟು, ಅವರ ಮನೆಗೆ ತಾವು ಹೋಗುತ್ತಾರೆ. ಪಡುವಲದ ಮನೆಗಳು ದೊಡ್ಡವು, ಹಿತ್ತಿಲು ಇದ್ದಂಥವು. ಮೂಡಲದವು ಒಂದು ಖೋಲಿ, ಒಂದು ಪಡಸಾಲೆ. ವಯಸ್ಸಾದ ಇಬ್ಬರಿಗೆ ಅಷ್ಟು ಸಾಕು, ಇಳಿತದಲ್ಲಿ ಕಾಲಿನಿಂದ ಬ್ರೇಕ್ ಒತ್ತಿದರೂ ಸಾಕು ಎಂದು ಹಿರಿಯರು ಮಾಡಿದ್ದು. ಯಾರೂ ಒತ್ತಾಯ ಮಾಡುವುದಿಲ್ಲ, ಆದರೆ ಇಳಿಯದೇ ಕೂತವರನ್ನು ಜನ ಒಂದು ಥರ ನೋಡುತ್ತಾರೆ. ಯಾರ ಕೈ ಹೋಗಿದೆ ಎನ್ನುವುದು ಗ್ಯಾರೇಜಿನವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುವುದರಿಂದ ಅದನ್ನು ಕೇಳಿಕೊಂಡು ನನ್ನ ಬಳಿ ಬರುವವರೂ ಇದ್ದಾರೆ. ಅಬ್ಬಾ ನನಗೆ ಹೇಳಿದ್ದರು: “ಗಾಡಿ ಸುದ್ದಿ ಕೇಳಿದ್ರ ಹೇಳು. ಕೈ ಸುದ್ದಿ ಅವರ ಬಾಯಿಂದನ ಬರೂತನಕ ಸುಮ್ನಿರು.”

ಗುರುಶಾಂತಪ್ಪ ಕಾಕಾ ಪಡುವಲಕೇರಿಯ ತೀರ ಬುಡದ ಮನೆಯವರು. ಪುರಸಭೆಯ ನೀರಿನ ಟ್ರ್ಯಾಕ್ಟರ್ ಓಡಿಸಿ ನಿವೃತ್ತರಾದವರು. ಹೆಂಡತಿ ನೀಲವ್ವ ಕಾಕಿ ಮನೆಯ ಹಿತ್ತಿಲಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಾರೆ. ಕೇರಿಯ ಹೆಂಗಸರು ನಸುಕಿನಲ್ಲೇ ಬಂದು, ಸಾಲು ಒಲೆಗಳ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಗಂಡ ಬಿಟ್ಟವರು, ಗಂಡ ದುಡಿಯದವರು, ಮಕ್ಕಳನ್ನು ಓದಿಸುವವರು, ಎಲ್ಲರೂ ಆ ಒಲೆಗಳಿಗೆ ಅಂಟಿಕೊಂಡವರೇ. ಕಾಕಾ ಆ ರೊಟ್ಟಿಗಳನ್ನು ಬಿದಿರಿನ ಬುಟ್ಟಿಗಳಲ್ಲಿ ಕಟ್ಟಿ, ಬೈಕಿನ ಎರಡೂ ಬದಿಗೆ ತೂಗುಹಾಕಿ, ಏರು ಹತ್ತಿ ಬಂದು ಖಾನಾವಳಿಗಳಿಗೆ, ಆಸ್ಪತ್ರೆಗೆ, ಹುಡುಗಿಯರ ಹಾಸ್ಟೆಲಿಗೆ ಮುಟ್ಟಿಸುತ್ತಿದ್ದರು. ಬೈಕು ಹಳೆಯದು. ಹ್ಯಾಂಡಲ್ ಎತ್ತಿನ ಕೊಂಬಿನಂತೆ ಹಿಂದಕ್ಕೆ ಬಾಗಿ ಸವಾರನ ಹೊಟ್ಟೆಯ ಹತ್ತಿರಕ್ಕೇ ಬಂದಂಥದ್ದು.

ಜೋಳದ ಸುಗ್ಗಿ ಮುಗಿದ ಹೊತ್ತಿಗೆ ಒಂದು ಬೆಳಿಗ್ಗೆ ಕಾಕಾ ಬಂದರು. “ಮೆಹರೂ, ಕ್ಲಚ್ ಭಾಳ ಬಿಗಿ ಆಗೇತಿ ನೋಡು” ಅಂದರು. ಬಿಸಿಲು, ಧೂಳು ಸೇರಿದರೆ ಕೇಬಲ್ ಬಿಗಿಯಾಗುವುದು ಸಹಜ. ನಾನು ಕೇಬಲ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮೊಳೆಗೆ ತೂಗುಬಿಟ್ಟು ಮೇಲಿನ ತುದಿಯಿಂದ ಎಣ್ಣೆ ಬಿಟ್ಟೆ. ಕೆಳಗಿನ ತುದಿಯಿಂದ ಎಣ್ಣೆ ಹನಿಯಾಗಿ ಇಳಿಯುವವರೆಗೆ ಕಾಯಬೇಕು, ಅಲ್ಲಿಯವರೆಗೆ ಕಾಕಾ ಚಹಾ ಕುಡಿದರು. ಲಿವರಿನ ಬುಡಕ್ಕೆ ಗ್ರೀಸ್ ಹಚ್ಚಿ, ಒಂದು ನಾಣ್ಯದ ದಪ್ಪದಷ್ಟು ಸಡಿಲು ಬಿಟ್ಟು ಕೊಟ್ಟೆ. ಒತ್ತಿ ನೋಡಿ “ಈಗ ಚಲೋ ಆತು” ಅಂದು ಹೋದರು.

ಮುಂದಿನ ವಾರ ಮತ್ತೆ ಬಂದರು, ಮತ್ತೆ ಬಿಗಿಯಂತೆ. ಹೊಸ ಕೇಬಲ್ಲನ್ನೇ ಹಾಕಿದೆ. ಅದರ ಮುಂದಿನ ವಾರವೂ ಬಂದರು. ಆ ಸಲ ನಾನು ಎರಡು ಬೆರಳಿನಿಂದ ಲಿವರ್ ಎಳೆದು ನೋಡಿದೆ. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಂತು. ಆಮೇಲೆ ಕಾಕಾ ಎಳೆಯುವುದನ್ನು ನೋಡಿದೆ. ನಾಲ್ಕೂ ಬೆರಳು ಹಾಕಿ, ತುಟಿ ಕಚ್ಚಿ ಎಳೆಯುತ್ತಿದ್ದರು. ಹೆಬ್ಬೆರಳಿನ ಬುಡದಲ್ಲಿ ಉಬ್ಬಿ ಇರಬೇಕಾದ ಮಾಂಸ ಇಂಗಿ ಗುಳಿಯಾಗಿತ್ತು. ಅವರು ಕೈಯನ್ನು ಹೆಗಲ ಟವೆಲಿನ ಮರೆಗೆ ತೆಗೆದುಕೊಂಡರು. ನಾನೂ ನಟ್ಟು ಬಿಚ್ಚುವ ಪಾನಾ ಹುಡುಕುವವಳ ಹಾಗೆ ಬಗ್ಗಿದೆ.

“ಒಳಗಿನ ಸ್ಪ್ರಿಂಗ್ ಬದಲಿ ಮಾಡಿಬಿಡು. ಮೆತ್ತಗಿನವು ಹಾಕು” ಅಂದರು.

“ಮೆತ್ತಗಿನವು ಹಾಕಿದ್ರ ಕ್ಲಚ್ ಪ್ಲೇಟು ಜಾರ್ತಾವ್ರಿ ಕಾಕಾ. ಬುಟ್ಟಿ ಹೇರಿಕೊಂಡು ಏರು ಹತ್ತೋದೈತಿ. ಇಂಜಿನ್ ಕೂಗ್ತೈತಿ, ಗಾಲಿ ಎಳೆಯಂಗಿಲ್ಲ. ನಡುವ ನಿಂತ್ರ ಹಿಂದಕ ಬರ್ತೀರಿ.”

“ಅಂದ್ರ ನಿನ್ನ ಕೆಲಸದಾಗ ತಪ್ಪಿಲ್ಲ ಅಂತೀ?”

“ಕೇಬಲ್ ಹೊಸಾದೈತ್ರಿ. ಪ್ಲೇಟು ಹೋದ ವರ್ಷ ಹಾಕಿದ್ದು.”

“ಮತ್ತ ತಪ್ಪು ಎಲ್ಲೈತಿ? ನನ್ನ ಕೈಯಾಗೇನು?”

“ನಾ ಹಂಗಂದಿಲ್ರಿ.”

ಅವರು ಎದುರಿಗಿದ್ದ ಚಹಾ ಮುಟ್ಟದೆ ಎದ್ದು ಹೋದರು.

ಆಮೇಲೆ ಕಾಕಾ ನಿಲ್ಲುವುದನ್ನೇ ಬಿಟ್ಟರು. ನಲವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರಿಗೆ ಇಂಜಿನ್ನಿನ ಸದ್ದು ಕೇಳಿಯೇ ಗೇರು ಬದಲಿಸುವುದು ಗೊತ್ತಿತ್ತು. ಆ್ಯಕ್ಸಿಲರೇಟರ್ ಒಂದು ಚಣ ಬಿಟ್ಟು, ಆ ಚಣದಲ್ಲೇ ಕಾಲಿನಿಂದ ಗೇರು ಒತ್ತಿದರೆ ಕ್ಲಚ್ ಇಲ್ಲದೆಯೂ ಕೂಡುತ್ತದೆ. ಕಷ್ಟ ಇರುವುದು ನಿಲ್ಲುವಾಗ, ನಿಂತು ಹೊರಡುವಾಗ. ಬೆಳಿಗ್ಗೆ ಮನೆಯ ಮುಂದೆ ಎರಡೂ ಕೈ ಸೇರಿಸಿ ಹೇಗೋ ಹೊರಡುತ್ತಿದ್ದರಂತೆ. ಅಲ್ಲಿಂದ ಮುಂದೆ ಗಾಡಿ ನಿಲ್ಲುವಂತಿಲ್ಲ. ಹಾಸ್ಟೆಲಿನ ಮುಂದೆ ನಿಧಾನವಾಗಿ ಸುತ್ತು ಹೊಡೆಯುತ್ತಾ “ತಗೊಳ್ಳವ್ವಾ, ತಗೋ” ಎಂದು ಕೂಗುವರು, ಅಡುಗೆಯವಳು ಜೊತೆಗೆ ಓಡುತ್ತಾ ಬುಟ್ಟಿಯಿಂದ ರೊಟ್ಟಿಯ ಕಟ್ಟು ಎತ್ತಿಕೊಳ್ಳುವಳು. ಖಾನಾವಳಿಯವರಿಗೂ ಅದು ರೂಢಿಯಾಯಿತು. ದಾರಿಯಲ್ಲಿ ಸಿಕ್ಕವರು ಕೈ ಎತ್ತಿದರೆ ಕಾಕಾ ಕತ್ತು ಆಡಿಸಿ ಮುಂದೆ ಹೋಗಿಬಿಡುವರು. ಸೊಕ್ಕು ಬಂದಿದೆ ಅಂದವರು ಕೆಲವರು. ಅರ್ಥ ಮಾಡಿಕೊಂಡವರು ಹೆಚ್ಚು.

ಅರ್ಥ ಮಾಡಿಕೊಂಡವರಲ್ಲಿ ಬಾಳೇಶ ಒಬ್ಬ. ಮೂಡಲಕೇರಿಯ ಹುಡುಗ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮದುವೆಯಾಗಿ ಎರಡು ವರ್ಷ, ಹೆಂಡತಿ ಗೌರಮ್ಮ ಬಸುರಿ. ಅವರ ಒಂದೇ ಖೋಲಿಯಲ್ಲಿ ಅವನ ತಾಯಿಯೂ ತಮ್ಮನೂ ಇದ್ದರು. ಬ್ರೇಕ್ ಶೂ ಬದಲಿಸಲು ಬಂದವನು, ನಾನು ಹಿಂದಿನ ಗಾಲಿ ಬಿಚ್ಚಿ ಡ್ರಮ್ಮಿನ ಧೂಳು ಒರೆಸುತ್ತಿದ್ದಾಗ ಮೆಲ್ಲಗೆ ಕೇಳಿದ.

“ಮೆಹರಕ್ಕಾ, ರೊಟ್ಟಿ ಕಾಕಾರ ಕೈ ಹೋಗೇತಂತಲ್ಲ?”

“ನಿನ್ನ ಬ್ರೇಕ್ ಶೂ ಹೋಗ್ಯಾವು. ಅದನ್ನ ಹೇಳಬಲ್ಲೆ.”

“ನಾ ಕೆಟ್ಟ ಮನಸಿನಿಂದ ಕೇಳಲಿಲ್ಲಕ್ಕಾ. ಕೂಸು ಬರೂದೈತಿ. ಇರೂ ಖೋಲಿಯಾಗ ತೊಟ್ಟಿಲು ಕಟ್ಟಾಕ ಜಂತಿ ಸೈತ ಖಾಲಿ ಇಲ್ಲ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. “ಅವರನ್ನ ಕೇಳಪ್ಪಾ” ಅಂದೆ. ಅವನಿಗೆ ಆ ಧೈರ್ಯವಿರಲಿಲ್ಲ. ಆದರೆ ಅವನ ತಾಯಿಗೆ ಇತ್ತು. ಆಕೆ ಸಂಜೆ ಅರಿಶಿನ ಕುಂಕುಮದ ನೆಪದಲ್ಲಿ ನೀಲವ್ವ ಕಾಕಿಯ ಮನೆಗೆ ಹೋಗಿ, ಹಿತ್ತಿಲು ಎಷ್ಟು ಉದ್ದ ಇದೆ ಎಂದು ಹೆಜ್ಜೆ ಹಾಕಿ ನೋಡಿ ಬಂದಳಂತೆ.

ಇದನ್ನು ನನಗೆ ಹೇಳಿದವರು ನೀಲವ್ವ ಕಾಕಿಯೇ. ಎರಡು ದಿನದ ನಂತರ, ಸೈರನ್ ಆಗುವುದಕ್ಕೆ ಸ್ವಲ್ಪ ಮುಂಚೆ, ಏರು ಹತ್ತಿ ನಡೆದೇ ಬಂದಿದ್ದರು. ಬಂದವರು ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ನೇರ ವಿಷಯಕ್ಕೆ ಬಂದರು.

“ಅವರ ಅಂಗಿ ಗುಂಡಿ ನಾನ ಹಾಕಾಕತ್ತು ಭಾಳ ದಿನ ಆತು. ಅವರು ‘ಗುಂಡಿ ದೊಡ್ಡವು, ಕಾಜಾ ಸಣ್ಣವು’ ಅಂತಾರ, ನಾನೂ ಹೌದು ಅಂತೀನಿ. ನೀ ಏನೂ ಹೇಳಬ್ಯಾಡ, ನಾ ಕೇಳಂಗಿಲ್ಲ.”

ನಾನು ಅವರ ಲೋಟಕ್ಕೆ ಇನ್ನಷ್ಟು ನೀರು ಹಾಕಿದೆ.

“ಇಳೀರಿ ಅಂತಾರ ಮಂದಿ. ಇಳಿದ್ರ ನನ್ನ ಒಲಿ ಎಲ್ಲಿಡ್ಲಿ? ಆ ಖೋಲಿಯಾಗ ಒಂದು ಒಲಿ ಇಟ್ರ ನಾವಿಬ್ರು ಹೊರಗ ಮಲಗಬೇಕು. ಮತ್ತ ಈ ಹೆಣ್ಮಕ್ಕಳು ಊರು ದಾಟಿ ಅಲ್ಲೀತನಕ ಹೆಂಗ ಬರ್ತಾರ, ನಸುಕಿನ್ಯಾಗ ಆ ಏರು ಹತ್ತಿ? ಬರಂಗಿಲ್ಲ. ಒಲಿ ಆರಿಹೋಗ್ತಾವು.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ನನಗ ಗಾಡಿ ಕಲಸು” ಅಂದರು.

“ಕಾಕಿ, ನಿಮಗ ಅರವತ್ತು ದಾಟೇತಿ.”

“ದಾಟಿದ್ರ ಕೈ ಹೋಗ್ತಾವೇನು?” ಎಂದವರೇ ಎದ್ದು, ಅಲ್ಲಿ ನಿಂತಿದ್ದ ಒಂದು ಬೈಕಿನ ಕ್ಲಚ್ ಲಿವರ್ ಹಿಡಿದರು. ಅದು ಪೊಲೀಸಿನವನೊಬ್ಬನ ಭಾರಿ ಗಾಡಿ, ಕ್ಲಚ್ ನಿಜಕ್ಕೂ ಬಿಗಿ ಇತ್ತು, ಅದಕ್ಕೇ ಬಂದಿತ್ತು. ಕಾಕಿ ಅದನ್ನು ಹಸಿಮೆಣಸಿನಕಾಯಿ ಮುರಿಯುವ ಹಾಗೆ ಎರಡು ಬೆರಳಿನಿಂದ ಒಳಕ್ಕೆ ಎಳೆದು, ಹಿಡಿದುಕೊಂಡೇ ನನ್ನ ಮುಖ ನೋಡಿದರು. “ಇಷ್ಟ ಏನು?” ಅಂದರು.

ನಮ್ಮೂರಲ್ಲಿ ಗಾಡಿ ಕಲಿಯುವವರು ಯಾರೇ ಆದರೂ ಹೊರಳಿನ ಹೊತ್ತಿನಲ್ಲೇ ಕಲಿಯಬೇಕು. ಬೀದಿ ಸಮ ಇರುವುದು ಆಗ ಮಾತ್ರ, ಓಡಾಟವೂ ನಿಂತಿರುತ್ತದೆ. ಕಾಕಾ ರೊಟ್ಟಿ ಮುಟ್ಟಿಸಿ ಮನೆಗೆ ಹೋಗಿ, ಉಂಡು ಮಲಗುವ ಸಮಯವೂ ಅದೇ. ಗಿರಣಿಗೆ ಹೋಗಿ ಬರುತ್ತೇನೆಂದು ಹೇಳಿ ಕಾಕಿ ದಿನವೂ ಬರತೊಡಗಿದರು. ಬರುವಾಗ ಏರು, ಹೊರಳು ಮುಗಿಸಿ ಹೋಗುವಾಗಲೂ ಏರು. ಒಂದು ದಿನವೂ ಅದನ್ನು ಆಡಿಕೊಳ್ಳಲಿಲ್ಲ.

ನನ್ನ ಬೈಕನ್ನೇ ಕೊಟ್ಟೆ. ಕಾಕಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಬರುತ್ತಿದ್ದರು. ಮೊದಲ ದಿನಗಳಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟು, ಗಾಡಿ ಕುಪ್ಪಳಿಸಿ ಬಂದ್ ಆಗುತ್ತಿತ್ತು. ಪ್ರತಿ ಸಲ ಅವರು ಅದಕ್ಕೆ “ಯಾಕೋ ಭಾಡ್ಯಾ” ಎಂದು ಬೈಯುವರು.

“ಪೂರಾ ಬಿಡಬ್ಯಾಡ್ರಿ. ಸಾವಕಾಶ. ನಡುವ ಒಂದು ಜಾಗಾದಾಗ ಅದು ಹಿಡೀತೈತಿ. ಎಲ್ಲಿ ಅನ್ನೂದು ಕೈಗೆ ಗೊತ್ತಾಗಬೇಕ್ರಿ, ಬಾಯಿಲೆ ಹೇಳಾಕ ಬರಂಗಿಲ್ಲ.”

“ಹಿಟ್ಟಿಗೆ ಹದ ಬಂದದ್ದು ಯಾರರ ಬಾಯಿಲೆ ಹೇಳ್ತಾರೇನು? ನೀ ಸುಮ್ಮನಿರು, ಹುಡುಕ್ತೀನಿ.”

ಹುಡುಕಿದರು. ಒಂದು ಮಧ್ಯಾಹ್ನ ಗಾಡಿ ಸದ್ದಿಲ್ಲದೆ, ನೀರಿನ ಮೇಲೆ ಬಿಟ್ಟ ಎಲೆಯ ಹಾಗೆ ಹೊರಟಿತು. ಕಾಕಿ ಖುಷಿಯಲ್ಲಿ ಔಷಧಿ ಅಂಗಡಿಯವರೆಗೆ ಹೋಗಿ, ತಿರುಗಿಸಿಕೊಂಡು ಬರುವಷ್ಟರಲ್ಲಿ ಹೊರಳು ಮುಗಿದಿತ್ತು. ಕಾಲಡಿಯ ಬೀದಿ ಮೂಡಲಕ್ಕೆ ವಾಲುತ್ತಿದ್ದಂತೆ ಗಾಡಿ ಬಂದ್ ಬಿದ್ದು ಹಿಂದಕ್ಕೆ ಜಾರಿತು. ನಾನು ಕಲ್ಲು ಹಿಡಿದು ಓಡಿದೆ. ನಾನು ಮುಟ್ಟುವುದರೊಳಗೆ ಕಾಕಿ ಕಾಲಿನ ಬ್ರೇಕನ್ನೂ ಕೈ ಬ್ರೇಕನ್ನೂ ಕೂಡಿಯೇ ಹಿಡಿದು ಗಟ್ಟಿಯಾಗಿ ನಿಂತಿದ್ದರು. ಮುಖ ಬಿಳಿಚಿತ್ತು. “ಇದನ್ನ ಮೊದಲ ಕಲಸಬೇಕಿತ್ತು ನೀ” ಅಂದರು. ಹೌದಲ್ಲ ಅನ್ನಿಸಿತು. ಅಂದಿನಿಂದ ಬೇಕೆಂದೇ ಹೊರಳು ಮುಗಿಯುವವರೆಗೆ ಕಾದು, ಏರಿನಲ್ಲಿ ನಿಂತು ಹೊರಡುವುದನ್ನು ಮಾಡಿಸಿದೆ. ಬಲಗೈಯಲ್ಲಿ ಬ್ರೇಕ್ ಹಿಡಿದಿಟ್ಟು, ಎಡಗೈಯಲ್ಲಿ ಕ್ಲಚ್ ಬಿಡುತ್ತಾ, ಅದು ಹಿಡಿದ ಚಣದಲ್ಲಿ ಬ್ರೇಕ್ ಸಡಿಲಿಸಬೇಕು. ಹುಟ್ಟಿದಾಗಿನಿಂದ ಪಡುವಲಕೇರಿಯಲ್ಲಿರುವ ಗಂಡಸರಿಗೂ ಇದು ಬೇಗ ಬರುವುದಿಲ್ಲ.

ಗಂಡನಿಗೆ ಹೇಗೆ ಹೇಳುವುದೆಂದು ಕಾಕಿ ದಿನ ದೂಡುತ್ತಿದ್ದರು. ಅಷ್ಟರಲ್ಲಿ ಒಂದು ಮದುವೆಯ ಆರ್ಡರ್ ಬಂತು. ಬುಟ್ಟಿಗಳು ಹೆಚ್ಚಾಗಿದ್ದವು, ಎಣಿಸಿ ಕೊಡಲು ಕಾಕಿಯೂ ಹೋಗಬೇಕಾಗಿತ್ತು. ಬೆಳಿಗ್ಗೆ ಗಂಡ ಮುಂದೆ, ಹೆಂಡತಿ ಹಿಂದೆ, ಎರಡೂ ಬದಿಗೆ ದೊಡ್ಡ ಬುಟ್ಟಿಗಳು. ನನ್ನ ಅಂಗಡಿಯ ಬಾಗಿಲಲ್ಲಿ ನಿಂತರೆ ಪಡುವಲಕೇರಿಯ ಏರು ಬುಡದವರೆಗೂ ಕಾಣುತ್ತದೆ. ಅವರು ಅರ್ಧ ಹತ್ತಿದ್ದರು. ಅದೇ ಹೊತ್ತಿಗೆ ಮೇಲಿನಿಂದ ಹಲಗೆಯ ಸದ್ದು ಕೇಳಿಸಿತು. ಹಳೆಯ ಮೇಷ್ಟ್ರೊಬ್ಬರ ಶವಯಾತ್ರೆ ನನ್ನ ಅಂಗಡಿ ದಾಟಿ ಕೆಳಗೆ ಹೊರಟಿತ್ತು. ಸ್ಮಶಾನ ಪಡುವಲದ ಕಡೆಗಿದೆ.

ಯಾರಿಗೆ ನಿಲ್ಲದಿದ್ದರೂ ಹೆಣಕ್ಕೆ ನಿಲ್ಲಲೇಬೇಕು. ಏರಿನಲ್ಲಿದ್ದ ಗಾಡಿಗಳೆಲ್ಲ ಬದಿಗೆ ಸರಿದು ನಿಂತವು. ಕಾಕಾ ಕೂಡ ನಿಂತರು. ಕ್ಲಚ್ ಎಳೆಯಲಾಗದೆ ಇಂಜಿನ್ ಬಂದ್ ಆಯಿತು, ಆದರೆ ಬಲಗಾಲಿನ ಬ್ರೇಕ್ ಒತ್ತಿ ಹಿಡಿದಿದ್ದರಿಂದ ಗಾಡಿ ಅಲುಗಲಿಲ್ಲ. ಹೆಣ ದಾಟಿತು. ಎಲ್ಲರೂ ಹೊರಟರು. ಕಾಕಾ ನ್ಯೂಟ್ರಲ್ ಮಾಡಿ ಕಿಕ್ ಹೊಡೆಯಬೇಕು. ಕಿಕ್ ಹೊಡೆಯುವುದೂ ಬಲಗಾಲೇ. ಕಾಲು ಬ್ರೇಕಿನಿಂದ ಎತ್ತಿದರೆ ಗಾಡಿಯನ್ನು ಬಲಗೈಯ ಬ್ರೇಕೇ ಹಿಡಿಯಬೇಕು. ಆ ಕೈಗೂ ಬಲವಿರಲಿಲ್ಲ. ಕಾಲು ಎತ್ತಿದ ಕೂಡಲೇ ಗಾಡಿ ಹಿಂದಕ್ಕೆ ಬಂತು. ಥಟ್ಟನೆ ಮತ್ತೆ ಕಾಲಿಟ್ಟರು, ಬುಟ್ಟಿಗಳು ತೂಗಾಡಿದವು. ಎರಡನೇ ಸಲ ಇನ್ನೂ ಹೆಚ್ಚು ಜಾರಿತು. ಹಿಂದೆ ಶಾಲೆ ಮಕ್ಕಳ ಆಟೋ ಇತ್ತು. ಅದರ ಡ್ರೈವರ್ ಹಾರ್ನ್ ಒತ್ತಿ ಹಿಡಿದ, ಮಕ್ಕಳು ಕಿರುಚಿದವು. ನಾನು ಕಲ್ಲೆತ್ತಿಕೊಂಡು ಇಳಿಜಾರಿನಲ್ಲಿ ಓಡಿದೆ.

ನಾನಿನ್ನೂ ದೂರ ಇದ್ದಾಗಲೇ ನೀಲವ್ವ ಕಾಕಿ ಸೀಟಿನಲ್ಲಿ ಮುಂದಕ್ಕೆ ಸರಿದು ಗಂಡನ ಬೆನ್ನಿಗೆ ಎದೆ ಹಚ್ಚಿದರು. ಎರಡೂ ತೋಳು ಅವರ ಬಗಲಿನಿಂದ ಚಾಚಿ ಹ್ಯಾಂಡಲ್ ಹಿಡಿದರು. ಕಾಕಾನ ಬಲಗೈಯ ಮೇಲೆ ತಮ್ಮ ಬಲಗೈ, ಎಡಗೈಯ ಮೇಲೆ ಎಡಗೈ.

“ಒದೀರಿ” ಅಂದರು.

“ಏನು ಮಾಡ್ತಿ ನೀ, ಬಿಡು!”

“ನಾ ಹಿಡಿದೀನಿ. ಒದೀರಿ ಅಂದ್ನಲ್ಲ.”

ಕಾಕಾ ಕಾಲೆತ್ತಿದರು. ಗಾಡಿ ಕದಲಲಿಲ್ಲ. ಕಿಕ್ ಹೊಡೆದರು, ಇಂಜಿನ್ ಹತ್ತಿತು. ಕಾಕಿ ಕ್ಲಚ್ ಎಳೆದು “ಹಾಕ್ರಿ ಗೇರು” ಅಂದರು. ಹಾಕಿದರು. ಗಾಡಿ ಒಂದು ಚಣ ನಡುಗಿ, ಹಿಡಿದು, ಮೆತ್ತಗೆ ಮೇಲಕ್ಕೆ ಹೊರಟಿತು. ನನ್ನ ಪಕ್ಕದಿಂದಲೇ ಹಾದು ಹೋದರು. ಕಾಕಿ ನನ್ನತ್ತ ನೋಡಲಿಲ್ಲ. ಕಾಕಾ ನೋಡಿದರು. ಅಷ್ಟು ಚೆನ್ನಾಗಿ ಕ್ಲಚ್ ಬಿಡುವುದು ಒಂದೇ ದಿನದಲ್ಲಿ ಬರುವುದಲ್ಲ ಎಂದು ಅವರಿಗೆ ಗೊತ್ತಾಗಿತ್ತು. ನಾನು ಕಲ್ಲು ಹಿಡಿದುಕೊಂಡು ಬೀದಿಯ ನಡುವೆ ನಿಂತಿದ್ದೆ.

ಮರುದಿನ ಕಾಕಾ ನಡೆದು ಬಂದರು. ಅವರು ಗಾಡಿಯಿಲ್ಲದೆ ಬಂದದ್ದು ಅದೇ ಮೊದಲು.

“ಯಾರು ಕಲಿಸಿದ್ರು ಅಕಿಗೆ?”

“ನಾನರೀ.”

“ನನಗ ಹೇಳದ?”

“ಕಾಕಿ ಹೇಳಬ್ಯಾಡ ಅಂದ್ರು.”

“ನಿಮ್ಮಪ್ಪ ಇದ್ದಿದ್ರ ಹಿಂಗ ಮಾಡ್ತಿರಲಿಲ್ಲ. ನನ್ನ ಕೈ ಸುದ್ದಿ ನನಗ ಮೊದಲ ಹೇಳತಿದ್ದ. ನೀ ನನಗ ಬಿಟ್ಟು ಊರಿಗೆಲ್ಲ ಹೇಳಿದಿ.”

ಅಬ್ಬಾನ ಹೆಸರು ತೆಗೆದದ್ದು ನನಗೆ ನೋವಾಯಿತು. “ಊರಿಗೆ ನಾ ಏನೂ ಹೇಳಿಲ್ರಿ. ಬಾಳೇಶ ಬಂದು ಕೇಳಿದಾಗೂ ಹೇಳಿಲ್ಲ. ನಿಮಗೂ ಹೇಳಲಿಲ್ಲ, ಖರೆ. ನೀವು ಟವೆಲ್ಲಿನ್ಯಾಗ ಮುಚ್ಚಿಕೊಂಡಿದ್ದನ್ನ ನಾ ಹೆಂಗ ತೆಗೆದು ತೋರಸಲ್ರಿ?”

ಅವರು ಸ್ಟೂಲಿನ ಮೇಲೆ ಕೂತರು. ಯಾರದೋ ಬೈಕು ಹೊರಗೆ ಹಾರ್ನ್ ಮಾಡಿ ಹೋಯಿತು. ಆಮೇಲೆ ಎಡಗೈಯನ್ನು ನನ್ನ ಕೆಲಸದ ಮೇಜಿನ ಮೇಲೆ, ನಟ್ಟು ಬೋಲ್ಟುಗಳ ನಡುವೆ ಅಂಗಾತ ಇಟ್ಟರು. “ನೋಡು ಹಂಗಾರ” ಅಂದರು.

ಕೈಯ ಎಣ್ಣೆ ಒರೆಸಿಕೊಂಡು ಆ ಕೈ ಹಿಡಿದು ನೋಡಿದೆ. ಹೆಬ್ಬೆರಳನ್ನು ಒತ್ತಿದೆ, ಅದು ತಿರುಗಿ ಒತ್ತಲಿಲ್ಲ.

“ಜೋಮು ಹಿಡೀತೈತೇನ್ರಿ?”

“ಹಿಡೀತಿತ್ತು. ಈಗ ಅದೂ ತಿಳಿಯಂಗಿಲ್ಲ. ಡಾಕ್ಟರಿಗೆ ತೋರಿಸೀನಿ. ಭಾಳ ತಡಾ ಮಾಡಿದ್ರಿ ಅಂದ್ರು.”

ಚಹಾ ತರಿಸಿದೆ. ಈ ಸಲ ಎರಡೂ ಕೈಯಲ್ಲಿ ಹಿಡಿದು, ನನ್ನ ಎದುರಿಗೇ ಕುಡಿದರು. ಕುಡಿದು ಮುಗಿಸಿ, ಬೇರೆ ಏನನ್ನೋ ಹೇಳುವವರ ಹಾಗೆ ಗೋಡೆ ನೋಡುತ್ತಾ ಅಂದರು: “ಅಕಿ ಬೆರಳು ಗಿಡ್ಡ ಅದಾವು. ಲಿವರ್ ತುಸು ಒಳಗ ತಗೊಂಡು ಕೊಡು. ನಾಳೆ ಗಾಡಿ ಕಳಸ್ತೀನಿ.”

ಮರುದಿನ ಕಾಕಿಯೇ ಗಾಡಿ ತಂದರು, ಕಾಕಾ ನಡೆದು ಬಂದರು. ಕ್ಲಚ್ ಲಿವರನ್ನೂ ಕೈ ಬ್ರೇಕಿನ ಲಿವರನ್ನೂ ಒಳಕ್ಕೆ ತಂದೆ. ಕಾಲಿನ ಬ್ರೇಕಿನ ಪೆಡಲ್ ಕಾಕಿಯ ಪಾದಕ್ಕೆ ಎತ್ತರವಾಗಿತ್ತು, ಇಳಿಸಿದೆ. ಗಾಲಿ ಬಿಚ್ಚಿ ಡ್ರಮ್ ಒರೆಸಿ, ಶೂಗಳ ಮೇಲಿನ ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು ಮತ್ತೆ ಕೂಡಿಸಿದೆ. ಕಾಕಾ ಸ್ಟೂಲಿನ ಮೇಲೆ ಕೂತು, ನಾನು ಮಾಡುವುದನ್ನೇ ನನಗೆ ಹೇಳಿಕೊಟ್ಟರು.

ಊರು ಸುಮ್ಮನಿರಲಿಲ್ಲ. ಕೈ ಹೋದದ್ದು ಎಲ್ಲರ ಎದುರೇ ಗೊತ್ತಾಗಿತ್ತಲ್ಲ. ಪಡುವಲಕೇರಿಯ ಹಿರಿಯರಿಬ್ಬರು ಬಂದು ನನ್ನನ್ನೇ ಕೇಳಿದರು. “ಗಾಡಿ ಏರು ಹತ್ತಾಕತ್ತೇತ್ರಿ. ಕ್ಲಚ್ ಸರಿ ಐತಿ” ಅಂದೆ. ಇಂಥದ್ದು ಹಿಂದೆ ಆಗಿರಲಿಲ್ಲ, ಅವರು ಬಂದ ದಾರಿ ಹಿಡಿದರು. ಬಾಳೇಶ ಮಾತ್ರ ಕೆಲವು ದಿನ ನನ್ನ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಕಾಕಾ ಹೆಂಡತಿಯ ಹಿಂದೆ ಕೂರಲು ಒಪ್ಪಲಿಲ್ಲ. ಕಾಕಿ ಬುಟ್ಟಿ ಹೇರಿಕೊಂಡು ಹೊರಟರೆ ಅವರು ಹಿಂದೆ ನಡೆದು ಬರುವರು. ನಡೆಯುತ್ತಲೇ “ಎರಡನೇ ಗೇರಿಗೆ ಬಾ! ಎರಡಕ್ಕ! ಇಂಜಿನ್ ಅಳಾಕತ್ತೇತಿ, ಕೇಳಸಂಗಿಲ್ಲೇನು?” ಎಂದು ಕೂಗುವರು. ಏರಿನ ಎರಡೂ ಬದಿಯ ಮನೆಯವರಿಗೆ ಅದೇ ಬೆಳಗಿನ ಗಡಿಯಾರವಾಯಿತು. ಕೂಗಿ ಕೂಗಿ ಗಂಟಲು ಕಟ್ಟಿದ ದಿನ ಮಾತಾಡಲು ಆಗದೆ ಹತ್ತಿ ಹಿಂದೆ ಕೂತರು. ಆಮೇಲೆ ಕಿವಿಯ ಹತ್ತಿರವೇ ಹೇಳತೊಡಗಿದರು. ಕಾಕಿ ನನ್ನ ಬಳಿ ಬಂದಾಗ “ಕಿವಿಯಾಗ ಹಾಕ್ಕೊಳ್ಳೂದು ಏನರ ಇದ್ರ ಕೊಡು” ಎಂದು ಹತ್ತಿಯ ಉಂಡೆ ಕೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ, ಕಾಕಾನ ಪಕ್ಕದ ಮನೆಯ ಟೇಲರ್ ದಂಪತಿಗಳು ತಾವಾಗಿಯೇ ಇಳಿದರು. ಆ ಮನೆಗೆ ಬಾಳೇಶ ಬಂದ. ಗೌರಮ್ಮನಿಗೆ ಆಗ ದಿನ ತುಂಬುತ್ತಾ ಬಂದಿತ್ತು. ಮೂಡಲದಿಂದ ಬಂದವರು ಮೊದಲ ತಿಂಗಳಲ್ಲೇ ಒಂದು ಜೊತೆ ಪ್ಲೇಟು ಸುಡುವುದು ನಮ್ಮಲ್ಲಿ ಮಾಮೂಲು. ಇಳಿಜಾರಿನಲ್ಲೇ ಓಡಿಸಿ ರೂಢಿಯಾದವರು ಏರಿನಲ್ಲಿ ಕ್ಲಚ್ಚನ್ನು ಪೂರ್ತಿ ಬಿಡುವುದೇ ಇಲ್ಲ, ಅರ್ಧ ಹಿಡಿದುಕೊಂಡೇ ಹತ್ತುತ್ತಾರೆ. ಬಾಳೇಶ ತಿಂಗಳನ್ನೂ ಕಾಯಲಿಲ್ಲ. ಹೆಂಡತಿಯನ್ನು ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೊರಟವನ ಗಾಡಿ, ಏರಿನ ಅತಿ ಕಡಿದಾದ ಜಾಗದಲ್ಲಿ ಹೊಗೆ ಎದ್ದು ನಿಂತಿತು. ಅವನು ಗಾಲಿಗೆ ಕಲ್ಲಿಟ್ಟು, ಹೆಂಡತಿಯನ್ನು ಒಂದು ಮನೆಯ ಕಟ್ಟೆಯ ಮೇಲೆ ಕೂರಿಸಿ, ಏನು ಮಾಡುವುದೆಂದು ತಿಳಿಯದೆ ನಿಂತಿದ್ದ. ನಾನು ಬಾಗಿಲಿನಿಂದ ನೋಡುತ್ತಿದ್ದೆ.

ಕಾಕಿಯ ಗಾಡಿ ಕೆಳಗಿನಿಂದ ಬಂತು. ಎರಡು ಬುಟ್ಟಿ, ಹಿಂದೆ ಕಾಕಾ. ಅಂಥ ಕಡೆ ನಿಲ್ಲಿಸುವ ಧೈರ್ಯ ಯಾರೂ ಮಾಡುವುದಿಲ್ಲ. ಕಾಕಿ ನಿಲ್ಲಿಸಿದರು. ಗಾಡಿ ಕಂಬದ ಹಾಗೆ ನಿಂತಿತು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕಾಕಾ ಇಳಿದರು. ಗೌರಮ್ಮನ ರಟ್ಟೆ ಹಿಡಿಯಲು ಬಾಳೇಶನಿಗೆ ಸನ್ನೆ ಮಾಡಿ, ತಾವು ಕೂತಿದ್ದ ಜಾಗವನ್ನು ಟವೆಲಿನಿಂದ ಒರೆಸಿ ಅವಳನ್ನು ಕೂರಿಸಿದರು. ಕಾಕಿ ಹೊರಟರು. ಇಂಜಿನ್ ಬಂದ್ ಬೀಳಲಿಲ್ಲ, ಗಾಡಿ ಒಂದು ಬೆರಳೂ ಹಿಂದಕ್ಕೆ ಬರಲಿಲ್ಲ. ಆದರೆ ಅದನ್ನು ಕಾಕಾ ನೋಡಲಿಲ್ಲ. ಅವರು ಅಷ್ಟರಲ್ಲೇ ಬೆನ್ನು ತಿರುಗಿಸಿ, ಬಾಳೇಶನ ಗಾಡಿಯ ಹಿಂದೆ ಬಂದು ಹೆಗಲು ಕೊಟ್ಟಿದ್ದರು.

ಕಾಕಿ ನನ್ನ ಅಂಗಡಿ ದಾಟಿ ಆಸ್ಪತ್ರೆಯ ಕಡೆ ಹೋದರು. ಕೆಳಗೆ ಇಬ್ಬರು ಗಂಡಸರು ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಕಾಕಾ ಬಾಯಿ ಮುಚ್ಚಿರಲಿಲ್ಲ. ಗಾಳಿ ಮೇಲಕ್ಕೆ ಬೀಸಿದಾಗ ಒಂದೊಂದು ಮಾತು ಕೇಳಿಸುತ್ತಿತ್ತು. “ಅರ್ಧ ಹಿಡೀಬ್ಯಾಡಪ್ಪಾ, ಹಿಡಿದ್ರ ಹಿಡಿ, ಬಿಟ್ರ ಪೂರಾ ಬಿಡು...” ನಾನು ಒಳಗೆ ಹೋಗಿ ಒಂದು ಜೊತೆ ಹೊಸ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕಿ, ಪಾನಾಗಳನ್ನು ಸಾಲಾಗಿ ಇಟ್ಟುಕೊಂಡೆ.